ಹಗ್ಗದಕ್ಕ ಕಾಯುವ ಹೊತ್ತು

ಬೆಳಗಿನ ಐದೂವರೆ. ಬೀದಿ ದೀಪಗಳು ಇನ್ನೂ ಆರಿಲ್ಲ. ನದಿಗೆ ಇಳಿಯುವ ಓಣಿಯ ಕೊನೆಯಲ್ಲಿ, ತಗಡು ಹೊದಿಸಿದ ಉದ್ದನೆಯ ಶೆಡ್ಡಿನೊಳಗೆ, ಅರವತ್ತೇಳು ವರ್ಷದ ಹೆಂಗಸೊಬ್ಬರು ಸೊಂಟಕ್ಕೆ ನಾರಿನ ಕಂತೆ ಸುತ್ತಿಕೊಂಡು ನಡೆಯುತ್ತಿದ್ದಾರೆ. ಮುಂದಕ್ಕಲ್ಲ, ಹಿಂದಕ್ಕೆ. ತಿರುಗಿ ನೋಡುವುದಿಲ್ಲ, ಎಡವುವುದೂ ಇಲ್ಲ. ಎದುರಿಗೆ ರಾಟೆಯ ಬಳಿ ಅವರ ತಮ್ಮ ಕುಳಿತು ಹಿಡಿ ತಿರುಗಿಸುತ್ತಾರೆ. ರಾಟೆ ತಿರುಗಿದಂತೆ ಅಕ್ಕನ ಬೆರಳುಗಳ ನಡುವಿನಿಂದ ನಾರು ಜಾರಿ, ತಿರುಚಿಕೊಂಡು, ಎಳೆಯಾಗುತ್ತ ಹೋಗುತ್ತದೆ. ಇನ್ನೂರ ಹತ್ತು ಹೆಜ್ಜೆಗೆ ಹಿಂಬದಿಯ ಗೋಡೆ. ಬೆನ್ನು ಗೋಡೆಗೆ ತಾಗುವುದಕ್ಕೆ ಒಂದು ಹೆಜ್ಜೆ ಮೊದಲೇ ಅವರು ನಿಲ್ಲುತ್ತಾರೆ. ಪತ್ರಿಕೆಗೆ ಬರೆಯಲೆಂದು ಬಂದ ನಾನು ನೋಡಿದ ಎರಡು ಮುಂಜಾನೆಗಳಲ್ಲಿ ಒಮ್ಮೆಯೂ ಈ ಅಂದಾಜು ತಪ್ಪಲಿಲ್ಲ.

ಓಣಿಯವರಿಗೆಲ್ಲ ಇವರು ಹಗ್ಗದಕ್ಕ. ಇವರಿಗಿಂತ ಹತ್ತು ವರ್ಷ ದೊಡ್ಡವರೂ ಹಾಗೇ ಕರೆಯುತ್ತಾರೆ. ಐವತ್ತು ವರ್ಷದಿಂದ ಕೈಯಲ್ಲಿ ಹಗ್ಗ ಹೊಸೆಯುತ್ತಿರುವ ಇವರು, ನನಗೆ ಗೊತ್ತಿರುವ ಮಟ್ಟಿಗೆ, ಈ ಸುತ್ತಿನಲ್ಲಿ ಉಳಿದಿರುವ ಕೊನೆಯವರು. ಒಂದು ಹಗ್ಗಕ್ಕೆ ಇಪ್ಪತ್ತನಾಲ್ಕು ಎಳೆ. ಒಂದೊಂದು ಎಳೆಗೂ ಗೋಡೆಯವರೆಗೆ ಹಿಂದಕ್ಕೆ ನಡೆಯಬೇಕು. ಅಂದರೆ ಹಗ್ಗವೊಂದಕ್ಕೆ ಐದು ಸಾವಿರ ಹೆಜ್ಜೆ. ಐವತ್ತು ವರ್ಷಕ್ಕೆ ಎಷ್ಟಾಯಿತೆಂದು ಗುಣಿಸಲು ಹೋಗಿ ತಲೆ ಕೆಟ್ಟು ಬಿಟ್ಟುಬಿಟ್ಟೆ. ಅಷ್ಟು ವರ್ಷ ಹಿಂದಕ್ಕೇ ನಡೆದರೆ ಕಾಲು ನೋಯುವುದಿಲ್ಲವೇ ಎಂದು ಕೇಳಿದ್ದಕ್ಕೆ ಅಕ್ಕ ನಗದೆಯೇ ನಗಿಸಿದರು. "ಮುಂದಕ್ಕೆ ನಡೆದ್ರೇ ನಂಗೆ ನೋಯೋದು. ಪೇಟೆಗೆ ಹೋಗಿಬಂದ ದಿನ ಮಂಡಿಗೆ ಎಣ್ಣೆ ತಿಕ್ಕಬೇಕು."

ಕಸುಬು ಅಪ್ಪನಿಂದ ಬಂದದ್ದು. ಅಪ್ಪ ಹೊಸೆಯುತ್ತಿದ್ದರು, ಅಮ್ಮ ರಾಟೆ ತಿರುಗಿಸುತ್ತಿದ್ದರು. ಹದಿನೇಳಕ್ಕೆ ಈಕೆ ಸೊಂಟಕ್ಕೆ ನಾರು ಕಟ್ಟಿಕೊಂಡರು. ಮದುವೆಯಾದ ಮೇಲೆ ಗಂಡ ರಾಟೆಯ ಮುಂದೆ ಕೂತರು. "ನಮ್ಮೆಜಮಾನ್ರು ಮೂವತ್ತೆಂಟು ವರ್ಷ ನಾನು ದೂರ ಹೋಗೋದನ್ನೇ ನೋಡ್ತಾ ಕೂತಿದ್ರು" ಎಂದು ಅಕ್ಕ ಹೇಳುವಾಗ ಅದು ತಮಾಷೆಯೋ ದುಃಖವೋ ತಿಳಿಯುವುದಿಲ್ಲ. ಆಗ ದಿನಕ್ಕೊಂದು ಹಗ್ಗ ಹೊರಬೀಳುತ್ತಿತ್ತು. ದೋಣಿಗಳಿಗೆ, ಬಾವಿಗಳಿಗೆ, ಮರ ಸಾಗಿಸುವವರಿಗೆ, ಗಂಟೆ ಕಟ್ಟುವವರಿಗೆ. ಈಗ ತಿಂಗಳಿಗೆ ಎರಡಾದರೆ ಹೆಚ್ಚು. ಒಂದು ಶಾಲೆಯ ಉಯ್ಯಾಲೆಗೆ ಹೋಗುತ್ತದೆ. ಇನ್ನೊಂದನ್ನು ವಸ್ತುಸಂಗ್ರಹಾಲಯದವರು ಕೊಂಡು, ಗೇಣುದ್ದಕ್ಕೆ ಕತ್ತರಿಸಿ, ಬಂದವರಿಗೆ ನೆನಪಿನ ಕಾಣಿಕೆಯಾಗಿ ಕೊಡುತ್ತಾರೆ. ಕತ್ತರಿಸುವುದನ್ನು ಅಕ್ಕ ಒಮ್ಮೆ ನೋಡಿದ್ದಾರೆ. ಮತ್ತೆ ಆ ಕಡೆ ಹೋಗಿಲ್ಲ.

ಐದು ವರ್ಷದ ಹಿಂದೆ ಈ ಕಸುಬು ಸರ್ಕಾರದ ಪಟ್ಟಿಗೆ ಸೇರಿತು. ಅಳಿಯಲು ಬಿಡಬಾರದ ಕಸುಬುಗಳ ಪಟ್ಟಿ. ಇಲಾಖೆಯವರು ಬಂದು ಶೆಡ್ಡಿಗೆ ಹೊಸ ತಗಡು ಹೊದಿಸಿದರು, ಬಾಗಿಲ ಮೇಲೆ 'ಜೀವಂತ ಪರಂಪರೆ' ಎಂದು ಬೋರ್ಡು ಹಾಕಿದರು. ಜೀವ ಇರುವುದಕ್ಕೆ ಬೋರ್ಡು ಯಾಕೆ ಬೇಕೋ ನನಗಂತೂ ಅರ್ಥವಾಗುವುದಿಲ್ಲ, ಆದರೆ ಅಕ್ಕನಿಗೆ ಅವತ್ತು ನಿಜಕ್ಕೂ ಹಿಗ್ಗಾಗಿತ್ತು. ಸನ್ಮಾನ ಆಯಿತು, ಚೌಕಟ್ಟು ಹಾಕಿದ ಪ್ರಮಾಣಪತ್ರ ಬಂತು. ಅದರ ಬೆನ್ನಿಗೇ ಚಿತ್ರೀಕರಣದವರು ಬಂದರು. ಅಕ್ಕನ ಕೆಲಸವನ್ನೆಲ್ಲ ಹಿಡಿದಿಟ್ಟು, ಪಕ್ಕದ ಪಟ್ಟಣದ ತರಬೇತಿ ಕೇಂದ್ರದಲ್ಲಿ ಹೊಸಬರಿಗೆ ಅದನ್ನು ತೋರಿಸಿ ಕಲಿಸುವುದು ಯೋಜನೆ. ಒಳ್ಳೆಯ ಯೋಜನೆಯೇ. ಯಾರ ಮನಸ್ಸಿನಲ್ಲೂ ಕೆಡುಕಿರಲಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಹಗ್ಗ ಆಗುವ ಬಗೆಯನ್ನು ಇಲ್ಲಿ ಸ್ವಲ್ಪ ತಿಳಿದುಕೊಳ್ಳಬೇಕು. ಇಪ್ಪತ್ತನಾಲ್ಕು ಎಳೆಗಳನ್ನು ಎಂಟೆಂಟರಂತೆ ಕೂಡಿಸಿದರೆ ಮೂರು ಹುರಿ. ಮೂರರ ಒಂದು ತುದಿ ರಾಟೆಯ ಕೊಕ್ಕೆಗಳಿಗೆ, ಇನ್ನೊಂದು ತುದಿ ಗೋಡೆಯ ಬಳಿ ಕಲ್ಲು ಹೇರಿಟ್ಟ ಒಂದು ಸಣ್ಣ ಜಾರುಬಂಡಿಗೆ. ಅದಕ್ಕೆ ಅಕ್ಕ ಇಟ್ಟ ಹೆಸರು ಆಮೆ. ರಾಟೆ ತಿರುಗಿಸಿ ಹುರಿಗಳನ್ನು ಬಿಗಿ ಮಾಡಿದಷ್ಟೂ ಅವು ಗಿಡ್ಡವಾಗಿ, ಆಮೆಯನ್ನು ಮುಂದಕ್ಕೆ ಎಳೆಯುತ್ತವೆ. ಸಾಕಷ್ಟು ಬಿಗಿಯಾದಾಗ ರಾಟೆ ನಿಲ್ಲುತ್ತದೆ. ಇನ್ನು ಮೂರನ್ನೂ ಸೇರಿಸಿ ಹೊಸೆದರಾಯಿತು ಎಂದು ನೋಡಿದವರಿಗೆ ಅನ್ನಿಸುತ್ತದೆ. ಆಗಿಲ್ಲ. ರಾಟೆಯ ಬಳಿ ಹುಟ್ಟಿದ ಬಿಗಿ ಇನ್ನೂರು ಹೆಜ್ಜೆ ದಾಟಿ ಆಮೆಯ ತುದಿ ಮುಟ್ಟಲು ಹೊತ್ತು ಹಿಡಿಯುತ್ತದೆ. ಅಲ್ಲಿಯವರೆಗೆ ಆ ತುದಿಯ ಹುರಿ ನೋಡಲು ಗಟ್ಟಿ, ಒಳಗೆ ಸಡಿಲ. ಅಕ್ಕ ಆಮೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಮೂರು ಹುರಿಗಳ ಮೇಲೆ ಅಂಗೈ ಇಟ್ಟು ಕಾಯುತ್ತಾರೆ. ಬಿಗಿ ಬಂದು ತಲುಪಿದಾಗ ಹುರಿ ಅಂಗೈಯನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳುತ್ತದೆ. ಮೋಡ ಮುಚ್ಚಿದ ದಿನ ಹತ್ತು ನಿಮಿಷ, ಒಣಗಾಳಿ ಬೀಸಿದರೆ ಅರ್ಧ ಗಂಟೆಯೂ ಆದೀತು.

ಈ ಕಾಯುವುದಕ್ಕೆ ಅವರ ಮನೆಯಲ್ಲಿ ಹೆಸರೇ ಇರಲಿಲ್ಲ. ನಾರು ಬಾಚುವುದಕ್ಕೆ, ಎಳೆ ತೆಗೆಯುವುದಕ್ಕೆ, ತುದಿ ಕಟ್ಟುವುದಕ್ಕೆ ಒಂದೊಂದು ಮಾತಿತ್ತು. ಇದನ್ನು ಮಾತ್ರ ಅಪ್ಪ 'ಸುಮ್ಮನೆ ಕೂರುವುದು' ಅನ್ನುತ್ತಿದ್ದರು. ಹೋಗಿ ಸುಮ್ನೆ ಕೂತ್ಕೋ ಎಂದು ಅಪ್ಪ ಹೇಳಿದರೆ ಹುಡುಗಿ ಹೋಗಿ ಹುರಿಯ ಮೇಲೆ ಕೈ ಇಟ್ಟು ಕೂರುತ್ತಿದ್ದಳು. ಅದೂ ಒಂದು ಕೆಲಸ ಎಂದು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಚಿತ್ರೀಕರಣದ ದಿನ ರಾಟೆ ನಿಂತಿತು. ಮುಂದಿನದನ್ನು ಅಕ್ಕನ ಬಾಯಲ್ಲೇ ಕೇಳಬೇಕು. "ಕ್ಯಾಮೆರಾದ ಹುಡುಗ ಕೇಳ್ದ, ಅಮ್ಮಾ ಈಗೇನ್ ಮಾಡ್ತೀರಿ ಅಂತ. ಏನಿಲ್ಲಪ್ಪ, ಸುಮ್ನೆ ಕೂತಿರ್ತೀನಿ, ನೀವೆಲ್ಲ ಹೋಗಿ ಚಹಾ ಕುಡಿದು ಬನ್ನಿ ಅಂದೆ. ಬಿಸಿಲಲ್ಲಿ ನಿಂತು ಪಾಪ ಬೆವರ್ತಾ ಇದ್ರು. ಅವರು ಹೋದ್ರು. ಬಂದ ಮೇಲೆ ಹೊಸೆದು ತೋರಿಸ್ದೆ. ಅವರೇನೂ ಕತ್ತರಿಸ್ಲಿಲ್ಲ. ನಾನೇ ಕಳಿಸಿಬಿಟ್ಟೆ."

ಹನ್ನೆರಡು ನಿಮಿಷದ ಚಿತ್ರ. ನಾನೂ ನೋಡಿದ್ದೇನೆ, ಚೆನ್ನಾಗಿದೆ. ರಾಟೆ ನಿಲ್ಲುತ್ತದೆ, ಕಣ್ಣು ಮಿಟುಕಿಸುವುದರೊಳಗೆ ಅಕ್ಕ ಮೂರು ಸೀಳು ಕೊರೆದ ಮರದ ಗುಂಡನ್ನು ಹುರಿಗಳ ನಡುವೆ ತೂರಿಸಿ ಹೊಸೆಯಲು ಶುರು ಮಾಡುತ್ತಾರೆ. ಕೇಂದ್ರದ ಮೊದಲ ತಂಡದ ಒಂಬತ್ತು ಮಂದಿ ಕಲಿತದ್ದು ಹಾಗೆಯೇ.

ಚಿತ್ರ ಮುಗಿದ ವರ್ಷವೇ ಅಕ್ಕನ ಗಂಡ ತೀರಿಕೊಂಡರು. ರಾಟೆಗೆ ಜನವಿಲ್ಲದೆ ಒಂದೂವರೆ ವರ್ಷ ಶೆಡ್ಡಿಗೆ ಬೀಗ. ನದಿಯ ಕಡವಿನಲ್ಲಿ ದೋಣಿ ನಡೆಸುತ್ತಿದ್ದವರು ಅಕ್ಕನ ಈ ತಮ್ಮನೇ. ದೋಣಿಯ ಹಳೆಯ ಹಗ್ಗ ಸವೆದಿತ್ತು. ಆಗ ಕೇಂದ್ರದವರು ತಮ್ಮಲ್ಲಿ ತಯಾರಾದ ಮೊದಲ ಉದ್ದನೆಯ ಹಗ್ಗವನ್ನು ಕಡವಿಗೆ ಕೊಡುಗೆಯಾಗಿ ಕೊಟ್ಟರು. ಸಣ್ಣ ಸಮಾರಂಭವೂ ನಡೆಯಿತು. ತನ್ನ ಕಸುಬು ಒಂಬತ್ತು ಜನರ ಕೈಗೆ ದಾಟಿತಲ್ಲ ಎಂದು ಅಕ್ಕನಿಗೆ ಕಣ್ಣು ತುಂಬಿ ಬಂದಿತ್ತಂತೆ. ಕಾಯದೆ ಹೊಸೆದ ಐಬು ಮುಗಿದ ಹಗ್ಗದಲ್ಲಿ ಕಣ್ಣಿಗೂ ಕಾಣುವುದಿಲ್ಲ, ಕೈಗೂ ಸಿಗುವುದಿಲ್ಲ. ದಡದ ಕಂಬಕ್ಕೆ ಹಗ್ಗ ಕಟ್ಟಿದ್ದು ಅಕ್ಕನ ಕೈಯೇ.

ನೀರು ಕುಡಿದ ಹಗ್ಗ ಒಳಗಿಂದ ಬಿಚ್ಚಿಕೊಳ್ಳುತ್ತ ಬಂತು. ಮೂರನೇ ವಾರ, ಜನರೆಲ್ಲ ಇಳಿದು ಹೋದ ಮೇಲೆ, ದೋಣಿಯನ್ನು ದಡಕ್ಕೆ ಎಳೆಯುವಾಗ ಅದು ಹರಿಯಿತು. ಹರಿದ ತುದಿ ತಮ್ಮನ ಬಲಗೈಗೆ ಸುತ್ತಿಕೊಂಡು ಮೂರು ಬೆರಳು ಹೋದವು. ಕಡವಿನವರು ಮರುವಾರವೇ ಹಗ್ಗದ ಬದಲು ಉಕ್ಕಿನ ತಂತಿ ಎಳೆದರು. ಅವರನ್ನು ತಪ್ಪು ಅನ್ನಲು ನನಗೆ ಬಾಯಿಲ್ಲ. ಕಸುಬು ಉಳಿಸಲು ಹೊರಟು, ಅದಕ್ಕೆ ಉಳಿದಿದ್ದ ಕಟ್ಟಕಡೆಯ ನಿಜವಾದ ಗಿರಾಕಿಯನ್ನೂ ಕಳೆದುಕೊಂಡಂತಾಯಿತು.

ಹುಟ್ಟು ಹಾಕಲಾಗದ ತಮ್ಮ ಈಗ ರಾಟೆಯ ಮುಂದೆ ಕೂತಿದ್ದಾರೆ. ಎಡಗೈಯಲ್ಲಿ ಹಿಡಿ, ಬಲಗೈ ಮಡಿಲಲ್ಲಿ. ಮಾತು ಕಡಿಮೆ. ಅಕ್ಕನ ಮೇಲೆ ಸಿಟ್ಟು ಬರಲಿಲ್ಲವೇ ಎಂದು ನಾನು ಕೇಳಬಾರದಿತ್ತು, ಕೇಳಿಬಿಟ್ಟೆ. ಹಿಡಿ ತಿರುಗಿಸುತ್ತಲೇ ಹೇಳಿದರು. "ಅವಳಿಗೇ ಅವಳ ಮೇಲೆ ಬೇಕಾದಷ್ಟಿದೆ. ನಂದೂ ಯಾಕೆ ಸೇರಿಸ್ಲಿ."

ತಮ್ಮ ಆಸ್ಪತ್ರೆಯಿಂದ ಮನೆಗೆ ಬಂದ ವಾರವೇ ಅಕ್ಕ ಬಸ್ಸು ಹತ್ತಿ ಕೇಂದ್ರಕ್ಕೆ ಹೋದರು. ಚಿತ್ರ ನೋಡಿ ಕಲಿತ ಒಬ್ಬಾತ ಅಲ್ಲೀಗ ಮೇಷ್ಟ್ರು. ಮರ್ಯಾದೆಯಿಂದ ಕೂರಿಸಿ, ಎಲ್ಲ ಕೇಳಿಸಿಕೊಂಡು, ಕೊನೆಗೆ ಅಂದರಂತೆ, ಅಮ್ಮಾ, ಚಿತ್ರದಲ್ಲಿ ನೀವೇ ಕಾಯುವುದಿಲ್ಲವಲ್ಲ. ಅಕ್ಕನದೇ ಚಿತ್ರ, ಅವರದೇ ಕೈ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದ ಹಾಗಾಗಿತ್ತು.

ಇಲಾಖೆಯ ಅಧಿಕಾರಿ ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕೈ ತೊಳೆದುಕೊಳ್ಳುವ ಜಾತಿಯಲ್ಲ. ನನ್ನೆದುರು ಮುಚ್ಚುಮರೆ ಇಲ್ಲದೆ ಮಾತಾಡಿದರು. ಚಿತ್ರ ಮೂರು ಸಮಿತಿಗಳ ಒಪ್ಪಿಗೆ ಪಡೆದಿದೆ, ಇನ್ನು ಅದನ್ನು ಬಿಚ್ಚುವುದು ತಮ್ಮ ಕೈಯಲ್ಲಿಲ್ಲ ಎಂದರು. ಪಟ್ಟಿಗೆ ಸೇರಿದ್ದು ಹಗ್ಗ ಮಾತ್ರ, ಅದನ್ನು ಕಟ್ಟಿಕೊಳ್ಳುವ ದೋಣಿ ಸೇರಲಿಲ್ಲ, ತಪ್ಪು ಅಲ್ಲಿಂದಲೇ ಶುರುವಾಯಿತೇನೋ ಎಂದೂ ಅಂದರು. ಒಂದು ದಾರಿ ಹುಡುಕಿದ್ದರು. ಚಿತ್ರದ ಜೊತೆಗಿರುವ ವಿವರಣೆಯ ನಮೂನೆಯಲ್ಲಿ ಒಂದು ಹಂತ ಸೇರಿಸುವುದು. ಕಂಪ್ಯೂಟರಿನ ಮುಂದೆ ಅಕ್ಕನನ್ನು ಪಕ್ಕದಲ್ಲೇ ಕೂರಿಸಿಕೊಂಡು ತುಂಬಲು ಹೊರಟರು. 'ಕಾಯುವ ಅವಧಿ' ಎಂಬಲ್ಲಿ 'ಹುರಿ ಕೈ ತಳ್ಳುವವರೆಗೆ' ಎಂದು ಹೊಡೆದರೆ ಅದು ತೆಗೆದುಕೊಳ್ಳಲಿಲ್ಲ. ಅಂಕಿ ಮಾತ್ರ ಬೇಕಂತೆ. ಇಪ್ಪತ್ತು ಅಂತ ಹಾಕಲೇ ಎಂದು ಅಧಿಕಾರಿ ಕೇಳಿದರು. ಅಕ್ಕ ಬೇಡವೆಂದರು. "ಇಪ್ಪತ್ತು ಅಂತ ಬರೆದ್ರೆ ಗಡಿಯಾರ ನೋಡ್ತಾ ಕೂರ್ತಾರೆ. ಹುರಿ ಮೇಲೆ ಕೈ ಇಡೋದಿಲ್ಲ. ಮತ್ತೊಬ್ಬನ ಬೆರಳು ಹೋಗುತ್ತೆ." ಆ ಜಾಗ ಈಗಲೂ ಖಾಲಿ ಇದೆ.

ಇಷ್ಟೇ ಆಗಿದ್ದರೆ ಇವತ್ತಲ್ಲ ನಾಳೆ ಸರಿಹೋದೀತು ಎಂದುಕೊಳ್ಳಬಹುದಿತ್ತು. ಅಕ್ಕನಿಗೆ ಹೊತ್ತಿಲ್ಲ. ಅವರ ಬಲ ಅಂಗೈ ಜೋಮು ಹಿಡಿದು ಎರಡು ವರ್ಷ. ಒಂದು ದಿನ ಒಲೆಯ ಮೇಲಿನ ಬಾಣಲೆಗೆ ಕೈ ತಾಗಿ, ಸುಟ್ಟ ವಾಸನೆ ಮೂಗಿಗೆ ಬಡಿದ ಮೇಲಷ್ಟೇ ಗೊತ್ತಾಯಿತಂತೆ. ನರ ಸತ್ತಿದೆ, ಎಡಗೈಗೂ ಬರುತ್ತಿದೆ ಎಂದು ಡಾಕ್ಟರು ಹೇಳಿದ್ದಾರೆ. ಕೇಂದ್ರದ ಎರಡನೇ ತಂಡ ಬರುವ ತಿಂಗಳು ಶುರುವಾಗುತ್ತದೆ, ಹದಿನಾಲ್ಕು ಮಂದಿ, ಅದೇ ಚಿತ್ರ. ಅವರಲ್ಲಿ ಒಬ್ಬರ ಕೈಯನ್ನಾದರೂ ಹಿಡಿದು ಹುರಿಯ ಮೇಲೆ ಇಡಿಸಬೇಕು, ತನ್ನ ಕೈಗೆ ಇನ್ನೂ ಗೊತ್ತಾಗುತ್ತಿರುವಾಗಲೇ. ಅಕ್ಕ ಬೇರೇನನ್ನೂ ಕೇಳುತ್ತಿಲ್ಲ. ಇಲಾಖೆಗೆ ಎರಡು ಪತ್ರ ಬರೆಸಿ ಹಾಕಿದ್ದಾರೆ. ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂದಿದೆ. ತಮ್ಮನಿಗೆ ಕಲಿಸಬಾರದೇ ಎಂದರೆ, ಹುಟ್ಟು ಹಿಡಿದು ಹಿಡಿದು ಅವನ ಅಂಗೈ ಹಲಗೆಯಾಗಿದೆ, ಇರುವೆ ಕಚ್ಚಿದರೂ ತಿಳಿಯದು ಎನ್ನುತ್ತಾರೆ.

ಮೂರನೆಯ ಮುಂಜಾನೆ ಒಣಗಾಳಿ ಬೀಸುತ್ತಿದೆ. ಹಿಂದಿನ ಎರಡು ದಿನ ತೆಗೆದ ಎಳೆಗಳೆಲ್ಲ ಮೂರು ಹುರಿಯಾಗಿ ಶೆಡ್ಡಿನುದ್ದಕ್ಕೂ ಬಿಗಿದು ನಿಂತಿವೆ. ರಾಟೆ ನಿಲ್ಲುತ್ತದೆ. ಅಕ್ಕ ಆಮೆಯ ಪಕ್ಕ ಕೂತು ಎಡ ಅಂಗೈ ಇಡುತ್ತಾರೆ. ನಮ್ಮ ಫೋಟೋಗ್ರಾಫರ್ ನಾಲ್ಕು ಚಿತ್ರ ತೆಗೆದು, ಬೆಳಕು ಸಾಲದೆಂದು ಹೊರಗೆ ಹೋಗುತ್ತಾನೆ. ನಾನೂ ಪೆನ್ನು ಕಿಸೆಗೆ ಸಿಕ್ಕಿಸುತ್ತೇನೆ. ಬರೆಯಲು ಏನೂ ಇಲ್ಲ. ಹೀಗೆ ಪೆನ್ನು ಕಿಸೆಗಿಟ್ಟು ಏನೂ ಇಲ್ಲ ಅಂದುಕೊಂಡೆನಲ್ಲ ಎಂದು ಆಮೇಲೆ ನನಗೇ ನಾಚಿಕೆಯಾಯಿತು.

ಹತ್ತು ನಿಮಿಷ, ಹದಿನೈದು. ಅಕ್ಕನ ಹುಬ್ಬು ಗಂಟಿಕ್ಕುತ್ತದೆ. ಅಂಗೈ ಎತ್ತಿ ಸೆರಗಿಗೆ ಉಜ್ಜಿ ಮತ್ತೆ ಇಡುತ್ತಾರೆ. ಮತ್ತೆ ಎತ್ತುತ್ತಾರೆ. ಕೈ ಏನನ್ನೂ ಹೇಳುತ್ತಿಲ್ಲವೆಂದು ನೋಡಿದರೇ ತಿಳಿಯುತ್ತದೆ. ಕೊನೆಗೆ ಅವರು ನೆಲಕ್ಕೆ ಮೊಣಕೈ ಊರಿ, ಬಾಗಿ, ಹುರಿಗಳ ಮೇಲೆ ಕೆನ್ನೆ ಇಡುತ್ತಾರೆ. ಕಣ್ಣು ಮುಚ್ಚಿರುತ್ತದೆ. ಇನ್ನೂರು ಹೆಜ್ಜೆ ಆಚೆ ರಾಟೆಯ ಬಳಿ ಕೂತಿರುವ ತಮ್ಮ, ಮುಖ ಆ ಕಡೆ ತಿರುಗಿಸಿಕೊಳ್ಳುತ್ತಾರೆ. ಇಪ್ಪತ್ತಾರನೇ ನಿಮಿಷಕ್ಕೆ ಅಕ್ಕ ತಲೆ ಎತ್ತಿ, ಬಂತು ಕಣೋ ಎಂದು ತಮ್ಮನಿಗೆ ಕೂಗಿ ಹೇಳುತ್ತಾರೆ. ಕೆನ್ನೆಯ ಮೇಲೆ ಮೂರು ಕೆಂಪು ಗೆರೆ ಮೂಡಿವೆ.

ನಾನು ಹೊರಡುವಾಗ ಅಕ್ಕ ಬಾಗಿಲವರೆಗೆ ಬಂದರು. ಪತ್ರಿಕೆಯಲ್ಲಿ ಎಷ್ಟು ಜಾಗ ಕೊಡುತ್ತಾರೆ ಎಂದು ವಿಚಾರಿಸಿದರು. ಅರ್ಧ ಪುಟ, ಒಂದು ದೊಡ್ಡ ಫೋಟೋ ಎಂದೆ. ನನ್ನ ಕಿಸೆಯ ಪೆನ್ನಿನ ಕಡೆ ಬೆರಳು ತೋರಿಸಿದರು.

"ರಾಟೆ ನಿಂತ ಮೇಲೆ ಹುರಿ ಮೇಲೆ ಕೈ ಇಟ್ಟು ಕೂರ್ಬೇಕು, ಅದು ಕೈಯನ್ನ ತಳ್ಳೋವರೆಗೂ ಕಾಯ್ಬೇಕು. ಇಷ್ಟು ಬರೀರಿ. ಜಾಗ ಸಾಲ್ದಿದ್ರೆ ನನ್ನ ಫೋಟೋ ತೆಗೆದುಹಾಕಿ, ಸನ್ಮಾನದ ಮಾತೂ ತೆಗೆದುಹಾಕಿ. ಅದೊಂದನ್ನ ಮಾತ್ರ ಕತ್ತರಿಸ್ಬೇಡಿ."