ಎಲೈಜಾನಿಗೆ ಏನಿಷ್ಟ?

ಲಂಡನ್ನಿನ ಹ್ಯಾರೋದ ಶಾಂತಪ್ಪನವರು ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಈಗ ಶನಿವಾರಗಳಂದು ನಮ್ಮ ಇತಿಹಾಸ ಸಂಘದ ಜೊತೆ ಹಳೆಯ ಸ್ಮಶಾನದಲ್ಲಿ ಕಳೆ ಕೀಳುತ್ತಾರೆ. ನಾನೂ ಸದಸ್ಯನೇ, ಸೊಂಟ ಬಗ್ಗದ್ದರಿಂದ ಫೋಟೊ ತೆಗೆಯುತ್ತೇನೆ.

ಮುಳ್ಳುಪೊದೆಯಡಿ ಎಲೈಜಾನ ಸಮಾಧಿ ಕಂಡದ್ದು ಅವರಿಗೇ. ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ವಿರುದ್ಧ ಬಂದೂಕು ಹಿಡಿದ ಕಪ್ಪುಜನರ ಪಡೆಯ ಸಿಪಾಯಿ. ಆಮೇಲೆ ಹಡಗು ಹತ್ತಿ ಬಂದು ಲಂಡನ್ನಿನಲ್ಲೇ ತೀರಿಕೊಂಡವನು. ಸಂಘ ಹೊಸ ಕಲ್ಲು ನಿಲ್ಲಿಸುವುದೆಂದಾಯಿತು. ಭಾಷಣ, ಹೂಗುಚ್ಛ, ಎರಡು ನಿಮಿಷ ಮೌನ.

"ಎಡಿ ಇಲ್ಲೇನ್ರಿ ಸರ?" ಶಾಂತಪ್ಪನವರು ದಂಗಾದರು. "ನಮ್ಮ ಲಿಂಗಾಯತರಂಗ ಹೂಳ್ಯಾರ ಅವನ್ನ, ಸುಟ್ಟಿಲ್ಲ. ಅಂದಮ್ಯಾಲ ನಮ್ಮ ಪೈಕಿನ. ನೂರಾ ಮೂವತ್ತು ವರ್ಷ ಯಾರೂ ಒಂದ್ ತುತ್ತು ಇಟ್ಟಿಲ್ಲ!"

ಎಡೆಗೆ ಸತ್ತವರು ಇಷ್ಟಪಟ್ಟ ಅಡುಗೆಯೇ ಆಗಬೇಕು. ಶಾಂತಪ್ಪನವರು ಮೂರು ವಾರ ಲೈಬ್ರರಿಯಲ್ಲಿ ಕೂತರು. ಸಿಕ್ಕಿದ್ದು ಸೈನ್ಯದ ಪಡಿ: ಕಲ್ಲಿನಂಥ ಬಿಸ್ಕತ್ತು, ಉಪ್ಪು ಹಾಕಿದ ಹಂದಿಮಾಂಸ.

ಮೊಟ್ಟೆಯ ಭಯಕ್ಕೆ ಕೇಕನ್ನೂ ಮುಟ್ಟದ ಅವರ ಹೆಂಡತಿ ನೀಲವ್ವ ಸೌಟು ಎತ್ತಿದರು. "ನನ್ನ ಒಲಿ ಮ್ಯಾಲ ಹಂದಿ ಏರಿದ್ರ, ಆ ಸಿಪಾಯಿ ಬಾಜೂಕ ನಿಮಗೂ ಕುಣಿ ತೋಡಸ್ತೀನಿ ನೋಡ್ರಿ."

"ಬಿಸ್ಕತ್ತಷ್ಟೇ ಇಟ್ಟರಾಯ್ತಲ್ಲ?" ಎಂದೆ ನಾನು, ದೊಡ್ಡ ತಜ್ಞನ ಹಾಗೆ.

"ಅಲ್ರಿ ಸರ, ನೌಕರಿ ಒಳಗ ಕೊಟ್ಟ ಕೂಳು ಯಾರಿಗರ ಇಷ್ಟ ಆಗತದೇನ್ರಿ? ಡಿಪೋದ ಸ್ಯಾಂಡ್‌ವಿಚ್ ನನಗ ಎಡಿ ಇಟ್ರ, ಎದ್ದ ಹೊಕ್ಕೀನಿ!"

ಸಮಾರಂಭದ ದಿನ ಎಲೈಜಾನ ಮರಿಮೊಮ್ಮಗಳು ಮಾರ್ಲೀನ್ ಅಮೆರಿಕದಿಂದ ಬಂದರು. ಸಂಘದ ಅಧ್ಯಕ್ಷರು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಶಾಂತಪ್ಪನವರು ಮಾರ್ಲೀನ್ ಮುಂದೆ ನಿಂತು, ಎಲೈಜಾನಿಗೆ ಯಾವ ಅಡುಗೆ ಇಷ್ಟವಿತ್ತೆಂದು ಕೇಳಿಯೇಬಿಟ್ಟರು. ಮಾರ್ಲೀನ್ ಯೋಚಿಸಿದರು. ಮುತ್ತಜ್ಜನಿಗೆ ಏನಿಷ್ಟವೋ ಯಾರಿಗೂ ಗೊತ್ತಿಲ್ಲವಂತೆ. ಲಂಡನ್ನಿನಿಂದ ಬಂದ ಒಂದೇ ಕಾಗದದಲ್ಲಿ, ಇಲ್ಲೂ ಯುದ್ಧದಲ್ಲಿದ್ದ ಹಾಗೇ ಬಿಸಿ ಊಟ ಸಿಗುವುದಿಲ್ಲ ಎಂದು ಬರೆದಿದ್ದನಂತೆ.

"ನೀಲವ್ವಾ! ಬಿಸೀದು ಬೇಕಂತ!"

ನೀಲವ್ವ ಕಾರು ಹತ್ತಿ ಮನೆಗೆ ಓಡಿದರು. ನಲವತ್ತು ನಿಮಿಷ ಅಧ್ಯಕ್ಷರು ಭಾಷಣದ ಹಾಳೆಗಳನ್ನು ಗಾಳಿಯಿಂದ ಕಾಪಾಡಿಕೊಂಡು ನಿಂತರು. ಕೊನೆಗೆ ಬಟ್ಟೆ ಸುತ್ತಿದ ಜೋಳದ ರೊಟ್ಟಿ, ಹೊಗೆಯಾಡುವ ಎಣ್ಣೆಗಾಯಿ ಬಂದವು. ಸ್ಮಶಾನದ ಮೇಲ್ವಿಚಾರಕ, ಊಟ ಬಿಟ್ಟು ಹೋದರೆ ನರಿ ಬರುತ್ತವೆ ಎಂದು ತಡೆದ. ಬಿಡುವುದಿಲ್ಲ, ತೋರಿಸಿ ನಾವೇ ತಿನ್ನುತ್ತೇವೆ ಎಂದು ಶಾಂತಪ್ಪನವರು ಅವನಿಗೂ ಎರಡು ರೊಟ್ಟಿ ಒಪ್ಪಿಸಿದರು.

ಕಲ್ಲಿನ ಮುಂದೆ ಎಡೆ ಇಟ್ಟಾದ ಮೇಲೆ ಮೌನ ಆರಂಭವಾಯಿತು. ನಾನು ಕಣ್ಣು ಮುಚ್ಚಿದೆ. ಒಂದು ನಿಮಿಷವೂ ಆಗಿರಲಿಲ್ಲ, ಕಲ್ಲಿನ ಪಕ್ಕದಿಂದ ನೀಲವ್ವನ ದನಿ ಬಂತು:

"ಸಾಕ್ರಿ ಸುಮ್ಮನ ನಿಂತಿದ್ದು. ಆರಾಕತ್ತೈತಿ. ಬಾ ಯವ್ವಾ ಮಾರ್ಲೀನ್, ಮದಲ ನೀ ಕೂಡು."

ಮಾರ್ಲೀನ್ ಹುಲ್ಲಿನ ಮೇಲೆ ಕೂತು ರೊಟ್ಟಿ ಮುರಿದರು.