ಮೂರು ಸೀಟಿಯ ಟರ್ಕಿ

ಊಟಕ್ಕೆ ಕುಳಿತು, ಮೊದಲ ತುತ್ತು ಗಂಟಲಿಳಿಯುವ ಮುನ್ನವೇ ‘ಉಪ್ಪು ಸ್ವಲ್ಪ ಕಡಿಮೆಯಾಗಿದೆ’ ಎಂದು ತೀರ್ಪು ಕೊಡುವ ಗಂಡಸರದೊಂದು ದೊಡ್ಡ ಪರಿಷತ್ತಿದೆ. ನಾನು ಅದರ ಆಜೀವ ಸದಸ್ಯ. ಈ ತೀರ್ಪಿನಿಂದ ಸಾರಿಗೆ ಉಪ್ಪು ಬೀಳುತ್ತದೆಂಬುದು ನಿಜವೇ ಆದರೂ, ಅದಕ್ಕಿಂತ ಹೆಚ್ಚಾಗಿ ನಮ್ಮ ನಾಲಗೆಗೆ ತಾನೊಂದು ಅಧಿಕಾರಸ್ಥಾನದಲ್ಲಿದ್ದೇನೆಂಬ ಸಮಾಧಾನ ಸಿಗುತ್ತದೆ. ಅಡುಗೆ ಬಾರದವನಿಗೆ ಅಡುಗೆಯ ಮೇಲಿರುವ ಹಕ್ಕು ಇದೊಂದೇ ತಾನೆ? ಧಾರವಾಡದಲ್ಲಿದ್ದಾಗ ಚಲಾಯಿಸುತ್ತಿದ್ದ ಈ ಹಕ್ಕನ್ನು, ಅಮೆರಿಕದ ನಾರ್ತ್ ಕ್ಯಾರೊಲೈನಾಕ್ಕೆ ಬಂದು ಕೇರಿ ಎಂಬ ಊರಿನ ಒಂದು ಕೇರಿಯಲ್ಲಿ ಮನೆ ಮಾಡಿದ ಮೇಲೂ ನಾನು ಬಿಟ್ಟುಕೊಟ್ಟಿರಲಿಲ್ಲ.

ನನ್ನ ಹೆಂಡತಿ ಸುಮತಿಯ ಕ್ರಮವೇ ಬೇರೆ. ಹಬ್ಬ ಹುಣ್ಣಿಮೆಗಳಲ್ಲಿ ಆಕೆ ಮಾಡುವುದು ನೈವೇದ್ಯದ ಅಡುಗೆ. ದೇವರಿಗಿಂತ ಮೊದಲು ಅದನ್ನು ಯಾರೂ ರುಚಿ ನೋಡುವಂತಿಲ್ಲ, ಮಾಡಿದವಳೂ ನೋಡುವಂತಿಲ್ಲ. ಆಕೆ ಮುಚ್ಚಳ ತೆಗೆದು ಹಬೆಯ ಮೇಲೆ ಮುಖವಿಟ್ಟು, ಒಂದು ಕ್ಷಣ ಕಣ್ಣು ಮುಚ್ಚಿ, ಇನ್ನೊಂದು ಚಿಟಿಕೆ ಉಪ್ಪು ಹಾಕುತ್ತಾಳೆ ಅಥವಾ ಹಾಕುವುದಿಲ್ಲ. ದೇವರು ಈವರೆಗೆ ತಕರಾರು ತೆಗೆದದ್ದಿಲ್ಲ. ತಕರಾರು ತೆಗೆಯುವವನು ನೈವೇದ್ಯವಾದ ಬಳಿಕ ಎಲೆಯ ಮುಂದೆ ಬಂದು ಕೂರುವ ನಾನು. ಇಷ್ಟು ಪೀಠಿಕೆ ಏಕೆಂದರೆ, ಓದುಗ ಮಹಾಶಯರೇ, ಹುಟ್ಟಾ ಸಸ್ಯಾಹಾರಿಯಾದ ನಾನು ಒಮ್ಮೆ ಇಡೀ ಒಂದು ಟರ್ಕಿ ಕೋಳಿಯನ್ನು ಬೇಯಿಸಿದ್ದೇನೆ. ಹೇಗೆ ಒಪ್ಪಿಕೊಂಡೆನೆಂದು ಕೇಳಬೇಡಿ. ಈಗಲೂ ನನಗದು ಸರಿಯಾಗಿ ತಿಳಿದಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ರಿಸರ್ಚ್ ಟ್ರಯಾಂಗಲ್ ಪಾರ್ಕಿನಲ್ಲಿದ್ದ ನಮ್ಮ ಕಂಪನಿ ಪ್ರತಿ ನವೆಂಬರಿನಲ್ಲೂ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆಂದು ನೌಕರರಿಗೆಲ್ಲ ಒಂದೊಂದು ಟರ್ಕಿ ಹಂಚುತ್ತಿತ್ತು. ದೀಪಾವಳಿಗೆ ಮಿಠಾಯಿ ಡಬ್ಬಿ ಕೊಡುವಂತೆಯೇ ಇದೂ ಎಂದು ಮನಸ್ಸಿಗೆ ಸಮಾಧಾನ ಹೇಳಿ, ಕಲ್ಲುಗುಂಡಿನಂತೆ ಹೆಪ್ಪುಗಟ್ಟಿದ್ದ ಆ ಹಕ್ಕಿಯನ್ನು ಕಾರಿನ ಡಿಕ್ಕಿಯಲ್ಲಿ ಹೇರಿಕೊಂಡು ಬಂದು, ನಮ್ಮ ಮನೆಯ ಹೊಸ್ತಿಲು ದಾಟಿಸದೆ ನೇರವಾಗಿ ಪಕ್ಕದ ಮನೆಯ ವಾಲ್ಟರ್ ಮತ್ತು ಹೆಲೆನ್ ದಂಪತಿಗಳಿಗೆ ಕೊಟ್ಟುಬಿಡುತ್ತಿದ್ದೆ. ಮರುದಿನ ಹೆಲೆನ್ ಒಂದು ಕುಂಬಳಕಾಯಿ ಪೈ ತಂದುಕೊಡುತ್ತಿದ್ದರು. ಅದರಲ್ಲಿ ಮೊಟ್ಟೆಯಿದೆಯೇ ಎಂದು ಕೇಳಬಾರದೆಂದು ಸುಮತಿಯೂ ನಾನೂ ಮಾತನಾಡದೆಯೇ ಒಪ್ಪಂದ ಮಾಡಿಕೊಂಡಿದ್ದೆವು.

ಆ ವರ್ಷದ ಬೇಸಿಗೆಯಲ್ಲಿ ಹೆಲೆನ್ ತೀರಿಕೊಂಡರು. ನವೆಂಬರ್ ಬಂತು, ಟರ್ಕಿಯೂ ಬಂತು. ನಾನು ಅಭ್ಯಾಸಬಲದಿಂದ ಅದನ್ನು ಎದೆಗವುಚಿಕೊಂಡು ಹೋಗಿ ಬಾಗಿಲು ಬಡಿದೆ. ಬಡಿದ ಮೇಲೆ, ಛೇ, ಇದೇನು ಮಾಡಿದೆ ಎನ್ನಿಸಿತು. ವಾಲ್ಟರ್ ಹೊರಗೆ ಬಂದು ಹಕ್ಕಿಯನ್ನೂ ನನ್ನನ್ನೂ ನೋಡಿದರು. “ನಾನು ಇದನ್ನು ಕೊಯ್ದು ಬಡಿಸಿದ್ದುಂಟು, ಅಷ್ಟೇ. ಬೇಯಿಸುವುದೆಲ್ಲ ಅವಳೇ. ಒಬ್ಬನಿಗೆ ಎಂಥ ಹಬ್ಬ? ಆ ದಿನ ಬೇಗ ಮಲಗಿಬಿಡೋಣ ಅಂದುಕೊಂಡಿದ್ದೇನೆ” ಎಂದರು. ಎಪ್ಪತ್ತು ದಾಟಿದ, ಆರಡಿಯ ಆಳು ಹಾಗೆ ಹಬ್ಬದ ದಿನ ಬೇಗ ಮಲಗುವ ಮಾತಾಡಿದ್ದನ್ನು ಕೇಳಿ ನನಗೆ ಬಹಳ ಸಂಕಟವಾಯಿತು. ಬಾಯಿ ನನ್ನ ಅನುಮತಿಗೆ ಕಾಯದೆ, “ಮಿಸ್ಟರ್ ವಾಲ್ಟರ್, ನಾವು ಬಂದು ಮಾಡುತ್ತೇವೆ” ಎಂದುಬಿಟ್ಟಿತು. ನಾನು ಏಕವಚನದಲ್ಲಿ ಹೇಳಬಹುದಿತ್ತು. ಭಯದಲ್ಲಿ ಮನುಷ್ಯ ಬಹುವಚನಕ್ಕೆ ಮೊರೆಹೋಗುತ್ತಾನೆ.

ಸುಮತಿ ಕೇಳಿ ಸೊಂಟದ ಮೇಲೆ ಕೈಯಿಟ್ಟಳು. “ನಿಮಗ ಚಹಾ ಮಾಡಲಿಕ್ಕೆ ಬರೂದಿಲ್ಲ, ಟರ್ಕಿ ಮಾಡ್ತೀರಿ? ಅದೂ ಗುರುವಾರ, ರಾಯರ ವಾರ!” ಈ ಹಬ್ಬ ಪ್ರತಿ ವರ್ಷವೂ ಗುರುವಾರವೇ ಬರುತ್ತದೆ, ಅದಕ್ಕೆ ನಾನು ಜವಾಬ್ದಾರನಲ್ಲವೆಂದು ವಿನಯದಿಂದ ನಿವೇದಿಸಿದೆ. ಆಕೆ ಸೊಂಟದಿಂದ ಕೈ ಇಳಿಸಿ, “ಅಜ್ಜಾರು ಒಬ್ಬರs ಕೂಡತಾರಂತೇನು?” ಎಂದಳು. ಹೌದೆಂದೆ. “ಹಂಗಾದ್ರ ಅವರ ಮನ್ಯಾಗ, ಅವರ ಒಲಿ ಮ್ಯಾಲೆ. ಕೈ ನಿಮ್ದು. ನಾ ದೂರ ನಿಂತು ಹೇಳ್ತೀನಿ.” ದೂರ ನಿಂತು ಏನನ್ನು ಹೇಳುತ್ತಾಳೆಂಬುದು ಆಕೆಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಹೆಲೆನ್ ಅವರ ಅಡುಗೆಮನೆಯಲ್ಲಿ ನಮ್ಮ ಮೂವರ ಅಜ್ಞಾನ ಒಂದೆಡೆ ಸೇರಿತು. ಹಕ್ಕಿ ಕರಗಿ ಮೆತ್ತಗಾಗಿತ್ತು. ನಾನು ರಬ್ಬರಿನ ಕೈಗವಸು ತೊಟ್ಟು, ಅದಕ್ಕೂ ನನಗೂ ಯಾವ ಸಂಬಂಧವೂ ಇಲ್ಲವೆಂಬ ಮುಖ ಮಾಡಿಕೊಂಡು ಅದರ ಮುಂದೆ ನಿಂತೆ. ಸುಮತಿ ಹಿಂಬಾಗಿಲಿನ ಬಳಿ ಕುರ್ಚಿ ಹಾಕಿಕೊಂಡು, ಮೂಗಿಗೆ ಸೆರಗು ಹಿಡಿದು, ಅಲ್ಲಿಂದಲೇ ಎಣ್ಣೆ ಹಚ್ಚಲು ಹೇಳಿದಳು. ಎಣ್ಣೆಯಾದ ಮೇಲೆ ಉಪ್ಪು, ಮೆಣಸಿನಪುಡಿ, ಜಜ್ಜಿದ ಶುಂಠಿ, ಆಮೇಲೆ ಅರಿಷಿಣ. ಅರಿಷಿಣವಿಲ್ಲದ ಅಡುಗೆಯನ್ನು ಆಕೆ ಈವರೆಗೆ ಮಾಡಿದವಳೇ ಅಲ್ಲ. ಎಲ್ಲ ಮುಗಿದು ನೋಡಿದರೆ, ಟರ್ಕಿಯು ಎಣ್ಣೆ ಅರಿಷಿಣ ಹಚ್ಚಿಸಿಕೊಂಡು ಹಸೆಮಣೆಯ ಮೇಲೆ ಕುಳಿತ ಮದುಮಗನಂತೆ ಹೊಳೆಯುತ್ತಿತ್ತು. ವಾಲ್ಟರ್ ಅದನ್ನು ಗೌರವದಿಂದ ನೋಡಿ, “ಬಹಳ ಹಳದಿ” ಎಂದಷ್ಟೇ ಹೇಳಿದರು. ನಮ್ಮ ಧೈರ್ಯವನ್ನು ಅವರು ವಿದ್ಯೆಯೆಂದು ತಿಳಿದಿದ್ದರು. ಅವರ ಮೌನವನ್ನು ನಾವು ಒಪ್ಪಿಗೆಯೆಂದು ತಿಳಿದೆವು.

ಟರ್ಕಿಯ ಎದೆಯಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಕಡ್ಡಿ ನೆಟ್ಟಿತ್ತು. ಬೆಂದಾಗ ಅದರೊಳಗಿನ ಕೆಂಪು ಗುಂಡಿ ಟಪ್ಪೆಂದು ಮೇಲೆ ಏಳುತ್ತದೆಂದು ಹೊದಿಕೆಯ ಮೇಲೆ ಬರೆದಿತ್ತು. ಓವನ್ನಿನ ಗಾಜಿನ ಮುಂದೆ ನಾನು ಮೊಣಕಾಲೂರಿ ಕುಳಿತೆ. ಮಧ್ಯಾಹ್ನದ ಹೊತ್ತಿಗೆ ಗುಂಡಿ ನಿಜಕ್ಕೂ ಎದ್ದಿತು. ನಾನು ಸಂಭ್ರಮದಿಂದ “ಬಂತು!” ಎಂದು ಕೂಗಿದೆ. ಹಿಂಬಾಗಿಲಿನಿಂದ ಸುಮತಿಯ ದನಿ ಬಂತು: “ಒಂದs ಏನು? ಒಂದು ಸೀಟಿಗೆ ಯಾರರ ಇಳಸ್ತಾರೇನ್ರೀ? ಉರಿ ಸಣ್ಣ ಮಾಡ್ರಿ. ಮೂರು ಆಗಲಿ.”

ದಯವಿಟ್ಟು ನಗಬೇಡಿ. ನಿಮ್ಮ ಮನೆಯ ಕುಕ್ಕರನ್ನು ನೀವು ಒಂದು ಸೀಟಿಗೆ ಇಳಿಸುತ್ತೀರಾ? ಅನ್ನಕ್ಕೆ ಇಷ್ಟು, ಬೇಳೆಗೆ ಇಷ್ಟು, ಕಡಲೆಗೆ ಇಷ್ಟು ಎಂಬ ಸೀಟಿಶಾಸ್ತ್ರದಲ್ಲಿ ಬೆಳೆದ ನಮಗೆ, ಇಷ್ಟು ದೊಡ್ಡ ಪ್ರಾಣಿ ಒಂದೇ ಸೂಚನೆಯಲ್ಲಿ ಬೇಯುತ್ತದೆಂಬುದು ನಂಬುವಂಥ ಮಾತೇ ಆಗಿರಲಿಲ್ಲ. ನಾನು ಉರಿ ತಗ್ಗಿಸಿ, ಗುಂಡಿ ಮೂರು ಸಲ ಏಳಬೇಕೆಂದು ವಾಲ್ಟರ್ ಅವರಿಗೆ ಇಂಗ್ಲಿಷಿನಲ್ಲಿ ತಿಳಿಸಿ, ಎರಡನೆಯದಕ್ಕಾಗಿ ಕಾದೆ. ಎದ್ದ ಗುಂಡಿ ಎದ್ದೇ ನಿಂತಿತ್ತು. ಒಳಗೆ ಹೋಗದೆ ಮತ್ತೆ ಹೇಗೆ ಏಳುತ್ತದೆಂಬ ಪ್ರಶ್ನೆ ಇಂಜಿನಿಯರನಾದ ನನಗೆ ಬಂತು. ಆದರೆ ಹೆಂಡತಿಯ ಮುಂದೆ ಕೇಳುವ ಧೈರ್ಯ ಬರಲಿಲ್ಲ. ವಾಲ್ಟರ್ ಎರಡು ಸಲ ಬಾಯಿ ತೆರೆದು ಮುಚ್ಚಿಕೊಂಡರು. ಹೀಗೆ ಮಧ್ಯಾಹ್ನವೆಲ್ಲ ಕಳೆದು, ಕಡೆಗೆ ಸುಮತಿಯೇ ಮೂಗಿನ ಸೆರಗು ತೆಗೆದು, ನೈವೇದ್ಯದ ದಿನ ಮಾಡುವಂತೆ ಕಣ್ಣು ಮುಚ್ಚಿ, “ತಳ ಹತ್ತಲಿಕ್ಕೆ ಹತ್ತೇದ, ಇಳಸ್ರಿ!” ಎಂದು ಎದ್ದು ನಿಂತಳು. ಹುಟ್ಟಿದಾಗಿನಿಂದ ಮಾಂಸದ ವಾಸನೆಗೆ ದೂರ ಸರಿದವಳು ಅಂದು ಅದನ್ನು ಉದ್ದೇಶಪೂರ್ವಕವಾಗಿ ಒಳಗೆಳೆದುಕೊಂಡಿದ್ದಳು. ಅವಳ ಬಗ್ಗೆ ನನಗೆ ತುಂಬ ಹೆಮ್ಮೆಯೆನಿಸಿತು.

ವಾಲ್ಟರ್ ಮೂರು ತಟ್ಟೆ ಇಟ್ಟರು. ಕಣ್ಣು ಮುಚ್ಚಿ ಪ್ರಾರ್ಥಿಸಿದರು. ಪ್ರಾರ್ಥನೆಯಲ್ಲಿ ಹೆಲೆನ್ ಹೆಸರೂ ಬಂತು. ನಾವು ಮನೆಯಿಂದ ತಂದಿದ್ದ ಚಿತ್ರಾನ್ನವನ್ನು ಬಡಿಸಿಕೊಂಡೆವು. ಅವರು ಟರ್ಕಿಯನ್ನು ಕೊಯ್ದುಕೊಂಡರು. ಕೊಯ್ಯಲು ಕೊಂಚ ಹೆಚ್ಚೇ ಹೊತ್ತು ಹಿಡಿಯಿತು. ಬೆಂದಿದೆಯೇ, ಉಪ್ಪು ಸಾಕೇ, ತಿನ್ನಲು ಬರುತ್ತದೆಯೇ, ಒಂದೂ ನಮಗೆ ತಿಳಿಯುವಂತಿರಲಿಲ್ಲ. ಜೀವಮಾನವೆಲ್ಲ ತೀರ್ಪು ಕೊಟ್ಟವನು ಅಂದು ತೀರ್ಪಿಗಾಗಿ ಮುದುಕರೊಬ್ಬರ ದವಡೆಯನ್ನೇ ನೋಡುತ್ತ ಕುಳಿತಿದ್ದೆ. ಅವರು ನಿಧಾನವಾಗಿ ಅಗಿದರು, ನೀರು ಕುಡಿದರು, “ಚೆನ್ನಾಗಿದೆ” ಎಂದರು. ಇನ್ನೊಂದು ತುಂಡು ಹಾಕಿಕೊಂಡು ಮತ್ತೆ ನೀರು ಕುಡಿದರು. ರಾತ್ರಿ ಬೇಗ ಮಲಗಲಿಲ್ಲ. ಹೆಲೆನ್ ಮಾಡುತ್ತಿದ್ದ ಹಬ್ಬಗಳನ್ನು ಒಂದೊಂದಾಗಿ ಹೇಳುತ್ತ ನಮ್ಮನ್ನು ಬಹಳ ಹೊತ್ತು ಕೂರಿಸಿಕೊಂಡರು. ಗೆದ್ದೆವೆಂದುಕೊಂಡು ಮನೆಗೆ ಬಂದೆವು.

ಮುಂದಿನ ನವೆಂಬರಿನಲ್ಲಿ ನಾನು ಹೊಸ ಟರ್ಕಿಯೊಂದಿಗೆ ಕಾರಿನಿಂದ ಇಳಿಯುವಷ್ಟರಲ್ಲಿ ವಾಲ್ಟರ್ ಆಗಲೇ ತಮ್ಮ ಬಾಗಿಲಲ್ಲಿ ನಿಂತಿದ್ದರು. ಶರ್ಟಿನ ಜೇಬಿನಿಂದ ಆ ಕೆಂಪು ಗುಂಡಿಯ ಕಡ್ಡಿಯನ್ನು ತೆಗೆದು ನನ್ನ ಅಂಗೈಯಲ್ಲಿಟ್ಟು, ಬಹಳ ಮೃದುವಾಗಿ, “ನಿನ್ನ ಹೆಂಡತಿ ಬೇಜಾರು ಮಾಡಿಕೊಳ್ಳದಿದ್ದರೆ, ಈ ಸಲ ಒಂದಕ್ಕೇ ಇಳಿಸೋಣವೇ?” ಎಂದರು.

ಒಂದು ವರ್ಷ ಅವರು ಈ ಮಾತನ್ನು ಜೇಬಿನಲ್ಲಿಟ್ಟುಕೊಂಡಿದ್ದರು. ದೇವರ ನಂತರ ಸುಮತಿಯ ಅಡುಗೆಯನ್ನು ತಕರಾರಿಲ್ಲದೆ ಸ್ವೀಕರಿಸಿದವರು ಅವರೊಬ್ಬರೇ ಎಂದು ನನಗೆ ಆಗ ಹೊಳೆಯಿತು.

ಅಂದು ರಾತ್ರಿ ಊಟಕ್ಕೆ ಕುಳಿತೆ. ಸಾರಿನ ಮೊದಲ ತುತ್ತು ಬಾಯಿಗೆ ಹೋಯಿತು. ತೀರ್ಪು ನಾಲಗೆಯ ತುದಿಗೆ ಬಂದು ನಿಂತಿತು. ನುಂಗಿದೆ. ಎರಡನೆಯ ತುತ್ತನ್ನೂ ನುಂಗಿ, “ಚೆನ್ನಾಗಿದೆ” ಎಂದೆ. ಸುಮತಿ ಸೌಟು ಕೆಳಗಿಟ್ಟು, ನನ್ನ ಹಣೆ ಮುಟ್ಟಿ ನೋಡಿ, ಆಮೇಲೆ ತಾನೂ ಒಂದು ತುತ್ತು ತಿಂದು ಬೆಚ್ಚಿಬಿದ್ದಳು.

“ಅಯ್ಯ, ಉಪ್ಪs ಹಾಕಿಲ್ಲಲ್ರೀ ನಾನು! ಯಾಕ ಸುಮ್ಮನ ಉಣ್ಣಲಿಕ್ಕೆ ಹತ್ತೀರಿ?”

ನಾನು ನೀರು ಕುಡಿದು, ಇನ್ನೊಂದು ಸೌಟು ಸಾರು ಹಾಕೆಂದೆ.