ಯಾರೂ ಕೊಡದ ಹುಕುಂ

ಪಾರ್ವತಮ್ಮ, ನಿಮ್ಮ ಮಗ ಬಸವರಾಜನ ಶವಪೆಟ್ಟಿಗೆ ತೆರೆಯಬಾರದೆಂದು ಸೈನ್ಯ ಹೇಳಿರಲಿಲ್ಲ. ಹೇಳಿದವನು ನಾನು. ಹುಕುಂ ಇದೆ ಎಂದದ್ದು ಶುದ್ಧ ಸುಳ್ಳು.

ಆ ದಿನ ಹಚ್ಚೊಳ್ಳಿಯ ನಿಮ್ಮ ಅಂಗಳದಲ್ಲಿ ನಾನೇ ದೊಡ್ಡ ಮನುಷ್ಯ — ಬಳ್ಳಾರಿಯಿಂದ ಬಂದ ನಿವೃತ್ತ ಹವಾಲ್ದಾರ, ಹಿಂದಿ ಬಲ್ಲವನು, ಮೇಲೆ ಈ ಮೀಸೆ ಬೇರೆ. ಪೆಟ್ಟಿಗೆಯೊಂದಿಗೆ ಬಂದ ಸುಬೇದಾರರ ಮಾತನ್ನು ನಿಮಗೆ ತಿಳಿಸುವ ಕೆಲಸವನ್ನು ಯಾರೂ ಕೇಳದಿದ್ದರೂ ಮೈಮೇಲೆ ಹಾಕಿಕೊಂಡೆ. ಬಂದೂಕು ಒರೆಸುವಾಗ ಗುಂಡು ತಗಲಿತು ಎಂದರು ಅವರು. ನೀವು ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ನಮ್ಮಲ್ಲಿ ಸತ್ತವರನ್ನು ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಅಂಗೈಗೆ ಲಿಂಗ ಕೊಟ್ಟು ಮಣ್ಣು ಮಾಡುತ್ತೇವಲ್ಲ — ನೀವು ವಿಭೂತಿ ಹಿಡಿದೇ ಬಂದಿರಿ.

"ತಗೀರಿ. ನನ್ನ ಮಗನ್ನ ಕುಂದರಸಬೇಕು."

"ತಗಿಯಾಕ ಬರಂಗಿಲ್ರಿ ಅವ್ವಾರ. ಮ್ಯಾಲಿನೋರ ಹುಕುಂ ಐತಿ."

ಸುಬೇದಾರರು ನನಗೆ ಹೇಳಿದ್ದು ಬೇರೆ: ಅದು ಮನೆಯವರ ಇಷ್ಟ ಎಂದು. ಆದರೆ ಬಿಸಿಲು, ಜನ, ಹಾರ ಹಿಡಿದು ಕಾದಿದ್ದ ಮುಖಂಡರು... ಮುಖ ನೋಡಿ, ಇದು ಆಕಸ್ಮಿಕವಲ್ಲ ಎಂದು ಯಾರಾದರೂ ಕೂಗೆಬ್ಬಿಸಿದರೆ ಸೈನ್ಯದ ಮರ್ಯಾದೆ ಏನಾದೀತು ಎಂದು ಹೆದರಿದೆ. ಅದನ್ನು ಕಾಪಾಡು ಎಂದು ಸೈನ್ಯ ನನ್ನನ್ನು ಕೇಳಿಯೇ ಇರಲಿಲ್ಲ. ನೀವು ಮುಚ್ಚಳದ ಮೇಲೆಯೇ ವಿಭೂತಿ ಹಚ್ಚಿದಿರಿ. ಬಸವರಾಜನನ್ನು ಮಲಗಿಸಿಯೇ ಹೂಳಿದೆವು.

ಆಮೇಲೆ ಅವನು ಹೇಗೆ ಸತ್ತನೆಂದು ನೀವು ಸೈನ್ಯವನ್ನು ಕೇಳತೊಡಗಿದಿರಿ. ಮನೆಯವರೇ ಅಂದು ದೇಹ ನೋಡಲು ಬಯಸಲಿಲ್ಲ, ಈಗೇಕೆ ಸಂಶಯ ಎಂಬ ಉತ್ತರ ಬಂತು. ಅಷ್ಟಾದರೂ ನೀವು ಮನೆಯಲ್ಲಿ ಕೂರಲಿಲ್ಲ. ಸಿರುಗುಪ್ಪದಿಂದ ಕುರುಗೋಡಿನವರೆಗೆ ಎಲ್ಲಿ ಯೋಧನ ಸಾವಾದರೂ ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗಿ ಆ ಹೆಣ್ಣುಮಕ್ಕಳ ಪಕ್ಕ ಕೂತಿರಿ. ಹಿಂದಿಗೆ ಬೇಕೆಂದು ನನ್ನನ್ನೂ ಕರೆದೊಯ್ದಿರಿ — ನನ್ನನ್ನೇ!

ಮೊನ್ನೆ ಕುರುಗೋಡಿನಲ್ಲಿ ಸತ್ತ ಯೋಧನ ಎಳೆಯ ಹೆಂಡತಿಯ ಕೈ ಹಿಡಿದು ಹೇಳಿದಿರಿ: "ನೋಡವ್ವ, ಕಣ್ತುಂಬ ನೋಡು. ನಾ ನೋಡಲಿಲ್ಲ. ಇವತ್ತಿಗೂ ಬಾಗಲ ಸಪ್ಪಳಾದ್ರ ಅಂವಾ ಬಂದಾನೇನೋ ಅಂತೀನಿ."

ಪೆಟ್ಟಿಗೆಯ ಜೊತೆಗೆ ಬಂದಿದ್ದ ಸೈನಿಕರು ಮರುಮಾತಿಲ್ಲದೆ ಮುಚ್ಚಳ ತೆಗೆದರು. ನೀವು ನನ್ನ ಕಡೆ ತಿರುಗಿದಿರಿ.

"ನನಗ್ಯಾಕ ಹುಕುಂ ಇತ್ರಿ, ಹವಾಲ್ದಾರ್ರ?"

"ಒಂದೊಂದ್ ಪಲ್ಟನಿಗೆ ಒಂದೊಂದ್ ಕಾನೂನ್ರಿ."

ಎರಡನೆಯ ಸುಳ್ಳು. ಅದನ್ನೂ ನಂಬಿದಿರಿ. ಬಸ್ಸಿಗೆ ಕಾಯುವಾಗ, ನಾನು ಬೆಳಗಿನಿಂದ ಹಸಿದಿದ್ದೇನೆಂದು ನೀವು ಬುತ್ತಿಯಿಂದ ರೊಟ್ಟಿ ತೆಗೆದು ಕೊಟ್ಟಿರಿ. ನಾನು ತಿಂದೆ. ಎಂಥ ಬಾಯಿ ನನ್ನದು!

ಹೆದರಿದ್ದೆ ಎಂದದ್ದು ಕ್ಷಮೆಗಾಗಿ ಅಲ್ಲ. ಹೆದರಿಕೆ ಎಲ್ಲರಿಗೂ ಇರುತ್ತದೆ, ಎಲ್ಲರೂ ತಾಯಿಯ ಕೈ ತಡೆಯುವುದಿಲ್ಲ. ನಾಳೆ ಹಚ್ಚೊಳ್ಳಿಗೆ ಬಂದು ಇದನ್ನೇ ನಿಮ್ಮೆದುರು ನಿಂತು ಹೇಳುತ್ತೇನೆ. ಆಮೇಲೆ ನಿಮ್ಮ ದೂರಿನ ಮೇಲೆ ನಡೆದಿರುವ ವಿಚಾರಣೆಯಲ್ಲೂ — ಈ ತಾಯಿ ನೋಡಬೇಕೆಂದಳು, ತಡೆದವನು ನಾನು ಎಂದು. ಅವರು ಸಮಾಧಿ ಅಗೆಸಬಹುದು. ಮೂಳೆ ನೋಡಿದ ವೈದ್ಯರು ಗುಂಡು ಎಲ್ಲಿಂದ ಬಂತೆಂದು ಹೇಳಲೂಬಹುದು.

ಆದರೆ ಅಂದು ನೀವು ಕೇಳಿದ್ದು ಮಗನ ಮುಖ. ಅದನ್ನು ಮಾತ್ರ, ತಾಯಿ, ಇನ್ನು ಯಾರೂ ತೆಗೆದು ತೋರಿಸಲಾರರು.